ಘಟ್ಟದ ಕೆಳಗೇ ಉಳಿದ ನಳಿಕೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯೆಂದರೆ ಬಹುಕಾಲದಿಂದ ಊರು ಬಿಟ್ಟು ಹೊರಡುವುದೆಂದೇ ಅರ್ಥ. 1953ರಲ್ಲಿ ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಆಗುಂಬೆಯ ತಿರುವುಗಳನ್ನು ಇಳಿದು ಘಟ್ಟದ ಕೆಳಗೆ ಹೋಗುವುದು, ಇಲ್ಲವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಡೆ ಹೊರಡುವುದು ಈ ಸೀಮೆಯ ರೋಗಿಗಳಿಗೆ ರೂಢಿಯಾಯಿತು. ಇಲ್ಲಿ ನೋವು ನಿವಾರಣೆಯ ಇತಿಹಾಸವೂ ಇದೇ ದಾರಿಯಲ್ಲಿ ಸಾಗಿದೆ: ಬೆನ್ನಿಗೆ ಚುಚ್ಚುವ ಸೂಜಿ ಘಟ್ಟ ಹತ್ತಿ ಬಂದಿತು, ಅದರೊಳಗಿಂದ ಇಳಿಯುವ ನಳಿಕೆ ಬಹುಮಟ್ಟಿಗೆ ಕೆಳಗೇ ಉಳಿಯಿತು.

ಇವೆರಡರ ವ್ಯತ್ಯಾಸ ಸಣ್ಣದಲ್ಲ. ಸಿಸೇರಿಯನ್ ಹೆರಿಗೆಗೆಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಕೊಡುವ ಸ್ಪೈನಲ್ ಅರಿವಳಿಕೆಯಲ್ಲಿ ಔಷಧವು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಒಂದೇ ಸಲ ಸೇರಿ, ಕೆಲವು ಗಂಟೆಗಳಲ್ಲಿ ಅದರ ಪ್ರಭಾವ ಇಳಿದುಹೋಗುತ್ತದೆ. ಎಪಿಡ್ಯೂರಲ್ ವಿಧಾನದಲ್ಲಾದರೋ ಆ ದ್ರವವನ್ನು ಸುತ್ತುವರಿದ ಗಟ್ಟಿ ಪೊರೆಯ ಹೊರಗಡೆಯೇ ತೆಳ್ಳನೆಯ ನಳಿಕೆಯೊಂದನ್ನು ಬಿಟ್ಟು, ಗಾಯದ ನೋವು ಹೆಚ್ಚಾಗಿರುವ ಎರಡು ಮೂರು ದಿನ ಸ್ವಲ್ಪಸ್ವಲ್ಪವಾಗಿ ಔಷಧ ಹರಿಸಲಾಗುತ್ತದೆ. ಹೊಟ್ಟೆಯನ್ನೋ ಎದೆಯನ್ನೋ ಕೊಯ್ದ ರೋಗಿ ನೋವಿಗೆ ಹೆದರಿ ಕೆಮ್ಮದೆ, ಉಸಿರನ್ನು ಆಳವಾಗಿ ಎಳೆಯದೆ ಮಲಗಿದರೆ ಕಫ ಕಟ್ಟಿ ಶ್ವಾಸಕೋಶದ ಸೋಂಕು ತಗಲುವ ಅಪಾಯವಿರುವುದರಿಂದ, ಈ ಉಪಚಾರ ಬರಿಯ ಸಮಾಧಾನದ ಮಾತಲ್ಲ.

ಸೊಂಟದ ಭಾಗದ ಎಪಿಡ್ಯೂರಲ್ ಅನ್ನು 1921ರಲ್ಲಿ ವಿವರಿಸಿದ ಸ್ಪೇನಿನ ಸೇನಾ ಶಸ್ತ್ರವೈದ್ಯ ಫಿಡೆಲ್ ಪಾಹೆಸ್ ಎರಡೇ ವರ್ಷಗಳಲ್ಲಿ ವಾಹನ ಅಪಘಾತದಲ್ಲಿ ತೀರಿಕೊಂಡು, ಅವನ ಬರಹ ಮರೆತುಹೋಯಿತು. 1930ರ ದಶಕದಲ್ಲಿ ಇಟಲಿಯ ದೊಲ್ಯೊತ್ತಿ ಅದೇ ದಾರಿಯನ್ನು ಮತ್ತೆ ಕಂಡುಕೊಂಡು, ಸಿರಿಂಜನ್ನು ಒತ್ತುವ ಬೆರಳಿಗೆ ತಗಲುವ ತಡೆ ಥಟ್ಟನೆ ಸಡಿಲವಾದಾಗ ಸೂಜಿ ಸರಿಯಾದ ಜಾಗ ಸೇರಿತೆಂದು ತಿಳಿಯುವ ಉಪಾಯವನ್ನು ಪ್ರಚಾರಕ್ಕೆ ತಂದನು. ಇಂದಿಗೂ ಅರಿವಳಿಕೆ ತಜ್ಞರು ನಂಬುವುದು ಬೆರಳಿನ ಈ ಅರಿವನ್ನೇ. 1947ರಲ್ಲಿ ಹವಾನಾದ ಮಾನ್ವೆಲ್ ಮಾರ್ತಿನೆಸ್ ಕುರ್ಬೆಲೊ, ಮೂತ್ರನಾಳಕ್ಕೆಂದು ತಯಾರಾಗಿದ್ದ ನಳಿಕೆಯನ್ನು ತುದಿ ಬಾಗಿದ ಟೂಹಿ ಸೂಜಿಯ ಮೂಲಕ ಒಳಬಿಟ್ಟನು. ಇನ್ನೊಬ್ಬರ ಕೆಲಸಕ್ಕೆ ಮಾಡಿದ ಸಾಮಾನಿನಿಂದ ವಿದ್ಯೆಯೊಂದು ಬೆಳೆಯುವುದು ವೈದ್ಯಕ್ಕೆ ಹೊಸತೇನಲ್ಲ.

1979ರಲ್ಲಿ ಎಪಿಡ್ಯೂರಲ್ ಮಾರ್ಫೀನ್‌ನ ಫಲಿತಾಂಶ ಪ್ರಕಟವಾದ ತರುವಾಯ, ನರವನ್ನು ಮರಗಟ್ಟಿಸುವ ಔಷಧದ ಪ್ರಮಾಣವನ್ನು ತಗ್ಗಿಸಿ, ಅದಕ್ಕೆ ಅಫೀಮು ವರ್ಗದ ಔಷಧವನ್ನು ಒಂದಿಷ್ಟು ಬೆರೆಸುವ ಪದ್ಧತಿ ಬೆಳೆಯಿತು. ಇದರಿಂದ ಕಾಲಿನ ಬಲ ಉಳಿದು ರೋಗಿ ಬೇಗ ಎದ್ದು ನಡೆಯಬಹುದಾಯಿತು. ಆದರೆ ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ಭಾರತದಲ್ಲೇ 1985ರ ಮಾದಕ ವಸ್ತು ಕಾಯಿದೆಯ ಬಿಗಿಯಿಂದಾಗಿ ಆಸ್ಪತ್ರೆಗಳು ಮಾರ್ಫೀನ್ ಇಟ್ಟುಕೊಳ್ಳಲು ಹಿಂಜರಿದವು. 2014ರ ತಿದ್ದುಪಡಿ ಪರವಾನಗಿಯ ತೊಡಕನ್ನು ಸಡಿಲಿಸಿತು.

ಹೀಗಿದ್ದರೂ ಸುಧಾರಣೆಯ ಮುಖ್ಯ ಗಂಟು ಔಷಧದಲ್ಲಿಲ್ಲ. ದೊಡ್ಡ ಆಸ್ಪತ್ರೆಗಳ ಅಧ್ಯಯನಗಳಲ್ಲೂ ಮೂರರಲ್ಲೊಂದರಷ್ಟು ಎಪಿಡ್ಯೂರಲ್‌ಗಳು ನಿರೀಕ್ಷಿತ ಫಲ ಕೊಡದೆ ಹೋದದ್ದುಂಟು. ನಳಿಕೆ ಜಾರುತ್ತದೆ, ಒಂದೇ ಮಗ್ಗುಲು ಮರಗಟ್ಟುತ್ತದೆ, ಅಥವಾ ಕೊಯ್ದ ಜಾಗದ ನರಗಳ ಮಟ್ಟಕ್ಕೆ ತುದಿ ತಲುಪಿರುವುದಿಲ್ಲ. ರಕ್ತದೊತ್ತಡ ಕುಸಿಯಬಹುದು, ಉಸಿರು ನಿಧಾನವಾಗಬಹುದು; ಅಪರೂಪಕ್ಕೆ ಬೆನ್ನುಹುರಿಯ ಪಕ್ಕದಲ್ಲಿ ರಕ್ತ ಹೆಪ್ಪುಗಟ್ಟಿದರೆ ಕಾಲಿನ ಶಕ್ತಿ ಕುಂದುತ್ತಿರುವುದನ್ನು ಗಂಟೆಗಳೊಳಗೆ ಗುರುತಿಸಬೇಕು. ಕಾಲು ಮಡಚುವಂತೆ ಹೇಳಿ ಆ ಶಕ್ತಿಯನ್ನು ಅಳೆಯುವ ಬ್ರೊಮೇಜ್ ಮಾಪನಕ್ಕೆ ಯಂತ್ರ ಬೇಡ, ರಾತ್ರಿ ಎರಡು ಗಂಟೆಗೂ ಹಾಸಿಗೆಯ ಬಳಿ ಬರುವ ದಾದಿ ಬೇಕು. ಮಲೆನಾಡಿನ ಸಣ್ಣ ಆಸ್ಪತ್ರೆಗಳಿಗೆ ದುಬಾರಿಯಾದದ್ದು ನಳಿಕೆಯಲ್ಲ, ಈ ಕಾವಲು.

ಬೆನ್ನಿಗೆ ಸೂಜಿ ಹಾಕಿಸಿಕೊಂಡವರಿಗೆ ಆಯುಷ್ಯಪೂರ್ತಿ ಬೆನ್ನುನೋವು ತಪ್ಪದೆಂಬ ನಂಬಿಕೆಯೂ ಜನರಲ್ಲಿ ಗಟ್ಟಿಯಾಗಿದೆ. ಹೆರಿಗೆಯ ಎಪಿಡ್ಯೂರಲ್ ಪಡೆದವರನ್ನು ಪಡೆಯದವರೊಡನೆ ಹೋಲಿಸಿದ ಪರೀಕ್ಷೆಗಳು ಅದನ್ನು ಸಮರ್ಥಿಸಿಲ್ಲ. ಈಚೆಗೆ ಅಲ್ಟ್ರಾಸೌಂಡ್ ನೋಡಿಕೊಂಡು ಹೊಟ್ಟೆಯ ಸ್ನಾಯುಪದರಗಳ ನಡುವೆ ಔಷಧ ತುಂಬುವ ಕ್ರಮ ಹಬ್ಬುತ್ತಿದ್ದು, ಬೆನ್ನುಹುರಿಯ ಹತ್ತಿರ ಸುಳಿಯದ ಈ ಚುಚ್ಚುಮದ್ದಿಗೆ ಅಷ್ಟು ಬಿಗಿಯಾದ ರಾತ್ರಿಯ ಕಾವಲು ಬೇಕಾಗುವುದಿಲ್ಲ. ಆದರೆ ಒಂದು ಸಲದ ಔಷಧ ಸಾಮಾನ್ಯವಾಗಿ ಒಂದು ದಿನವನ್ನು ದಾಟುವುದಿಲ್ಲ, ಹೊಟ್ಟೆಯ ದೊಡ್ಡ ಗಾಯಕ್ಕೆ ಎರಡನೆಯ ರಾತ್ರಿ ಇನ್ನೂ ಬಾಕಿಯಿರುತ್ತದೆ.