ಸಭೆಯಲ್ಲಿ ಬಡವನ ಸ್ಥಾನ

ಕ್ರಿ.ಶ. 361ರಲ್ಲಿ ರೋಮ್ ಸಾಮ್ರಾಜ್ಯದ ಸಿಂಹಾಸನವನ್ನೇರಿದ ಜೂಲಿಯನ್ ಚಕ್ರವರ್ತಿಯು ಕ್ರೈಸ್ತಮತದಲ್ಲಿಯೇ ಬೆಳೆದವನು. ಆದರೆ ಅದನ್ನು ತೊರೆದು, ಪೂರ್ವಿಕರ ದೇವತಾರಾಧನೆಯನ್ನು ಪುನಃ ಪ್ರತಿಷ್ಠಿಸಬೇಕೆಂದು ಹವಣಿಸಿದವನು. ಮರುವರ್ಷ ಅವನು ಗಲಾಷಿಯ ಪ್ರಾಂತದ ಪ್ರಧಾನಾರ್ಚಕನಿಗೆ ಬರೆದುದೆಂದು ಉಳಿದುಬಂದಿರುವ ಪತ್ರವೊಂದುಂಟು. ಕ್ರೈಸ್ತರು ತಮ್ಮ ಬಡವರನ್ನು ಮಾತ್ರವಲ್ಲದೆ ಅನ್ಯರ ಬಡವರನ್ನೂ ಸಲಹುತ್ತಿರುವರೆಂದು ಅದರಲ್ಲಿ ಒಪ್ಪಿಕೊಂಡು, ತನ್ನವರ ಔದಾಸೀನ್ಯಕ್ಕಾಗಿ ಅವನು ಲಜ್ಜೆಪಡುತ್ತಾನೆ. ಊರೂರಿನಲ್ಲಿಯೂ ಛತ್ರಗಳನ್ನು ಕಟ್ಟಿಸಬೇಕೆಂದು ಆಜ್ಞಾಪಿಸಿ, ಆ ಪ್ರಾಂತಕ್ಕೆ ವರ್ಷಕ್ಕೆ 30,000 ಅಳತೆ ಧಾನ್ಯವನ್ನೂ ಗೊತ್ತುಮಾಡುತ್ತಾನೆ. ಮಿತ್ರರ ಹೊಗಳಿಕೆಗಿಂತ ವಿರೋಧಿಯ ಸಾಕ್ಷ್ಯವು ಇತಿಹಾಸಕಾರನಿಗೆ ಹೆಚ್ಚು ಬೆಲೆಯುಳ್ಳದ್ದು. ಈ ವಿರೋಧಿಯ ಗಮನವನ್ನು ಸೆಳೆದ ದಯಾಧರ್ಮವು ಬೆಳೆದು ಬಂದುದು ಹೇಗೆಂಬುದನ್ನು ನಾವು ಈಗ ವಿಚಾರಮಾಡೋಣ.

ಅದು ತಾನಾಗಿಯೇ ಬಂದುದಲ್ಲ. ಮೊದಲಿನಿಂದಲೂ ಕ್ರೈಸ್ತಸಭೆಗಳಲ್ಲಿ ಪಂಕ್ತಿಭೇದವು ಇಣುಕುತ್ತಲೇ ಇತ್ತು. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಪೀಠವನ್ನೂ, ಹರಕು ಬಟ್ಟೆಯವನಿಗೆ ಕಾಲಬಳಿಯ ನೆಲವನ್ನೂ ತೋರಿಸುವ ಭಕ್ತರನ್ನು ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯು ಕಟುವಾಗಿ ಖಂಡಿಸುತ್ತದೆ. ದೋಷವಿಲ್ಲದ ಕಡೆ ಖಂಡನೆಗೆ ಅವಕಾಶವೆಲ್ಲಿ?

ಮೂರನೆಯ ಶತಮಾನದಲ್ಲಿ ಸಿರಿಯಾ ದೇಶದಲ್ಲಿ ಹುಟ್ಟಿದ 'ಡಿಡಸ್ಕಾಲಿಯ' ಎಂಬ ಸಭಾಶಾಸನಗ್ರಂಥವು ಈ ದೋಷಕ್ಕೆ ಒಂದು ಪರಿಹಾರವನ್ನು ವಿಧಿಸಿತು. ಬಿಷಪ್ಪನು ಉಪದೇಶಮಾಡುತ್ತಿರುವಾಗ ಗಣ್ಯನೊಬ್ಬನು ಬಂದರೆ, ಅವನು ಮಾತನ್ನು ನಿಲ್ಲಿಸಿ ಸ್ಥಳ ತೋರಿಸಲು ಏಳಬೇಕಾದುದಿಲ್ಲ. ಆದರೆ ಬಡವನು, ಅದರಲ್ಲಿಯೂ ಮುದುಕನು, ಬಂದು ಅವನಿಗೆ ಸ್ಥಳವಿಲ್ಲದಿದ್ದರೆ, ಬಿಷಪ್ಪನೇ ಮನಃಪೂರ್ವಕವಾಗಿ ಎಡೆಮಾಡಿಕೊಡಬೇಕು. ಅದಕ್ಕಾಗಿ ತಾನು ನೆಲದ ಮೇಲೆ ಕುಳಿತುಕೊಳ್ಳಬೇಕಾಗಿ ಬಂದರೂ ಚಿಂತೆಯಿಲ್ಲ. ಬಂದವನು ಆ ಊರಿನವನೇ ಆಗಲಿ, ಪರಸ್ಥಳದ ಸಭೆಯವನೇ ಆಗಲಿ, ನಿಯಮವು ಒಂದೇ. ದಾನಕ್ಕೆ ಹಣವಿದ್ದರೆ ಸಾಕು. ಈ ಕಾರ್ಯಕ್ಕಾದರೋ ಅಭಿಮಾನವನ್ನೇ ಬಿಡಬೇಕು.

ದಾನದ ವ್ಯವಸ್ಥೆಯೂ ಅಲ್ಪವಾಗಿರಲಿಲ್ಲ. 251ರ ಸುಮಾರಿನಲ್ಲಿ ರೋಮ್ ನಗರದ ಬಿಷಪ್ ಕಾರ್ನೀಲಿಯಸನು ಬರೆದ ಪತ್ರದಿಂದ, ಅಲ್ಲಿಯ ಸಭೆಯು 1,500ಕ್ಕೂ ಮಿಕ್ಕ ವಿಧವೆಯರನ್ನೂ ದೀನರನ್ನೂ ಪೋಷಿಸುತ್ತಿತ್ತೆಂದು ತಿಳಿಯುತ್ತದೆ. ಆಗ ಆ ಸಭೆಗೆ ರಾಜಾಶ್ರಯವಿರಲಿಲ್ಲ; ಬದಲಾಗಿ, ಹಿಂದಿನ ವರ್ಷವೇ ಡೀಸಿಯಸ್ ಚಕ್ರವರ್ತಿಯ ಹಿಂಸೆಯನ್ನು ಅದು ಅನುಭವಿಸಿತ್ತು. ಅದಾದ ಸ್ವಲ್ಪಕಾಲದಲ್ಲಿಯೇ ಆಫ್ರಿಕದ ಕಾರ್ಥೇಜ್ ನಗರದಲ್ಲಿ ಮಹಾಮಾರಿ ಹರಡಿತು. ಅಲ್ಲಿಯ ಬಿಷಪ್ ಸಿಪ್ರಿಯನ್ನನು, ಸ್ವಜನರಿಗೆ ಮಾತ್ರ ಉಪಕಾರಮಾಡುವುದು ಹೆಚ್ಚಿನ ಮಾತಲ್ಲವೆಂದು ತನ್ನವರಿಗೆ ಬೋಧಿಸಿದನು. ಹಣವುಳ್ಳವರು ಹಣವನ್ನೂ, ಇಲ್ಲದವರು ಮೈದುಡಿಮೆಯನ್ನೂ ಕೊಟ್ಟರು. ನಿನ್ನೆ ತಮ್ಮನ್ನು ಹಿಂಸಿಸಿದ ಪಟ್ಟಣದ ರೋಗಿಗಳಿಗೆ ಇಂದು ಶುಶ್ರೂಷೆಮಾಡುವುದು ಸುಲಭವಾದ ಕಾರ್ಯವೆ?

ಈ ಸಭೆಗಳನ್ನು ನಾವು ನಿರ್ದೋಷವೆಂದು ಎಣಿಸಲಾಗದು. ದಾಸನೂ ಒಡೆಯನೂ ಒಂದೇ ರೊಟ್ಟಿಯ ಪ್ರಸಾದವನ್ನು ಸ್ವೀಕರಿಸಿದರೂ, ಮನೆಗೆ ಮರಳಿದಮೇಲೆ ದಾಸನು ದಾಸನಾಗಿಯೇ ಉಳಿಯುತ್ತಿದ್ದನು. ಆ ದಾಸ್ಯವನ್ನು ಕಿತ್ತುಹಾಕಲು ಅವು ಮುಂದಾಗಲಿಲ್ಲ. ಆದರೂ ಬಡವನನ್ನು ಬಾಗಿಲ ಹೊರಗಿನ ಭಿಕ್ಷುಕನೆಂದು ಕಾಣದೆ, ಒಳಗೆ ಕುಳ್ಳಿರಿಸಬೇಕಾದ ಅತಿಥಿಯೆಂದು ಕಂಡುದು ಸಾಮಾನ್ಯವಾದ ಬದಲಾವಣೆಯಲ್ಲ.

ಜೂಲಿಯನ್ನನು 363ರಲ್ಲಿ ಪಾರಸಿಕರೊಡನೆ ನಡೆದ ಯುದ್ಧದಲ್ಲಿ ಮಡಿದನು. ಅವನ ಯೋಜನೆಯು ಅವನೊಡನೆಯೇ ಮುಗಿಯಿತು. ಧಾನ್ಯವನ್ನು ಅಳೆದು ಕೊಡಿಸುವುದು ರಾಜಾಜ್ಞೆಯಿಂದ ಆಗತಕ್ಕ ಕೆಲಸ. ಆದರೆ ಅಪರಿಚಿತನಾದ ಮುದುಕನೊಬ್ಬನು ಬಾಗಿಲಲ್ಲಿ ನಿಂತಾಗ ತನ್ನ ಪೀಠದಿಂದ ಏಳುವುದನ್ನು ಯಾವ ಚಕ್ರವರ್ತಿಯು ಆಜ್ಞೆಯಿಂದ ಮಾಡಿಸಬಲ್ಲನು? ಅದು ಕುಳಿತಿರುವವನೇ ಮಾಡಬೇಕಾದ ಕೆಲಸ. ನಮ್ಮ ನಮ್ಮ ಸಭೆಸಂಘಗಳಲ್ಲಿ ಅಂಥ ಮುದುಕನು ಬಂದರೆ ಏಳುವವರು ಯಾರೆಂಬುದನ್ನು ನಾವೂ ಕೇಳಿಕೊಳ್ಳಬೇಕಾಗಿದೆ.