ದಕ್ಷಿಣ ಮಹಾಸಾಗರ ಸಂಶೋಧನಾ ಯಾನ: ಮಾದರಿ ಸಂಗ್ರಹಣಾ ತಂತ್ರಜ್ಞರ ಕರ್ತವ್ಯಗಳು

ಭಾರತ ಸರ್ಕಾರದ ಭೂ ವಿಜ್ಞಾನ ಸಚಿವಾಲಯದ ಅಧೀನದಲ್ಲಿರುವ, ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವು ದಕ್ಷಿಣ ಮಹಾಸಾಗರದ ಸಂಶೋಧನಾ ಯಾನಗಳನ್ನು ಸಂಘಟಿಸುತ್ತದೆ. ಮೊದಲನೆಯ ಯಾನವು 2004ರಲ್ಲಿ 'ಸಾಗರ ಕನ್ಯಾ' ನೌಕೆಯಲ್ಲಿ ನಡೆಯಿತು. ಇಂತಹ ಯಾನಗಳಲ್ಲಿ ನೀರಿನ ಮಾದರಿಗಳನ್ನು ಸಂಗ್ರಹಿಸುವ ತಂತ್ರಜ್ಞರ ಕೆಲಸದ ಸ್ವರೂಪವನ್ನು ಆಸಕ್ತ ಅಭ್ಯರ್ಥಿಗಳ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಕೆಲಸದ ಸ್ವರೂಪ

ನಿಗದಿತ ಸ್ಥಾನದಲ್ಲಿ ನೌಕೆಯನ್ನು ನಿಲ್ಲಿಸಿ, ಲವಣಾಂಶ, ತಾಪಮಾನ ಹಾಗೂ ಆಳವನ್ನು ಅಳೆಯುವ ಸಿ.ಟಿ.ಡಿ. ಉಪಕರಣವನ್ನು ಉಕ್ಕಿನ ಹಗ್ಗದ ಮೂಲಕ ಇಳಿಸಲಾಗುತ್ತದೆ. ಅದರ ಸುತ್ತ ಜೋಡಿಸಿದ ನಿಸ್ಕಿನ್ ಬಾಟಲಿಗಳು ಎರಡೂ ತುದಿ ತೆರೆದಿದ್ದು, ಉಪಕರಣ ಮೇಲೇರುವಾಗ ಆಯಾ ಆಳದಲ್ಲಿ ಮುಚ್ಚಿಕೊಳ್ಳುತ್ತವೆ.

ಉಪಕರಣವು ಡೆಕ್ಕಿಗೆ ಬಂದ ಕೂಡಲೇ ತಂತ್ರಜ್ಞರ ಮುಖ್ಯ ಕೆಲಸ ಆರಂಭವಾಗುತ್ತದೆ. ನೀರನ್ನು ತೆಗೆಯುವ ಕ್ರಮವನ್ನು ಬದಲಿಸುವಂತಿಲ್ಲ. ಗಾಳಿಯ ಸಂಪರ್ಕದಿಂದ ಬೇಗನೆ ಬದಲಾಗುವ ಅನಿಲಗಳ ಮಾದರಿಗಳಿಗೆ ಆದ್ಯತೆ; ಸಾಮಾನ್ಯವಾಗಿ ಆಮ್ಲಜನಕದ್ದು ಮೊದಲು. ರಬ್ಬರ್ ನಳಿಗೆಯನ್ನು ಗಾಜಿನ ಸೀಸೆಯ ತಳಕ್ಕೆ ಮುಟ್ಟಿಸಿ, ನೀರು ಉಕ್ಕಿ ಹರಿಯುವಂತೆ ತುಂಬಿಸಬೇಕು. ಒಂದು ಗುಳ್ಳೆ ಉಳಿದರೂ ಆ ಸೀಸೆಯ ನೀರನ್ನು ಚೆಲ್ಲಿ ಹೊಸದಾಗಿ ತುಂಬುವುದು ಕಡ್ಡಾಯ. ನಂತರ ಇಂಗಾಲದ ಮಾದರಿ. ಜೀವಿಗಳ ಚಟುವಟಿಕೆಯನ್ನು ನಿಲ್ಲಿಸಲು ಇದಕ್ಕೆ ಬೆರೆಸುವ ಪಾದರಸದ ಕ್ಲೋರೈಡ್ ವಿಷಕಾರಿಯಾದ್ದರಿಂದ ಕೈಗವಸು ಧರಿಸತಕ್ಕದ್ದು. ಆಮೇಲೆ ಪೋಷಕಾಂಶ ಮತ್ತು ಲವಣಾಂಶದ ಮಾದರಿಗಳು. ಪತ್ರಹರಿತ್ತಿಗಾಗಿ ಸೋಸಿದ ಕಾಗದವನ್ನು ಬೆಳಕು ತಾಗದಂತೆ ಮೈನಸ್ 80 ಡಿಗ್ರಿ ಶೀತಕದಲ್ಲಾಗಲಿ, ದ್ರವ ಸಾರಜನಕದಲ್ಲಾಗಲಿ ಇಡಲಾಗುತ್ತದೆ.

ಸಮುದ್ರದ ನೀರು ಸುಮಾರು ಮೈನಸ್ 1.9 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಡೆಕ್ಕಿನ ಗಾಳಿ ಅದಕ್ಕಿಂತ ತಣ್ಣಗಿದ್ದಲ್ಲಿ ಬಾಟಲಿಗಳ ನಲ್ಲಿಯೂ ಸಂವೇದಕವೂ ಹೆಪ್ಪುಗಟ್ಟಿ ಹಾಳಾಗಬಹುದಾದ್ದರಿಂದ ವಿಳಂಬಕ್ಕೆ ಅವಕಾಶವಿಲ್ಲ.

ದಾಖಲೆ ನಿರ್ವಹಣೆ

ಸೀಸೆಯ ಸಂಖ್ಯೆ, ಆಳ, ಸ್ಥಾನ ಮತ್ತು ವೇಳೆಯನ್ನು ಕೂಡಲೇ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ನಗದು ಪುಸ್ತಕದಲ್ಲಿರುವಂತೆ, ತಪ್ಪಾದ ಅಂಕಿಯನ್ನು ಅಳಿಸದೆ ಒಂದೇ ಗೆರೆಯಿಂದ ಹೊಡೆದು ಸಹಿ ಮಾಡುವುದು ಸರಿಯಾದ ಕ್ರಮ. ಬಾಟಲಿ ಸೋರಿದ್ದಲ್ಲಿ ಹಾಗೆಯೇ ನಮೂದಿಸತಕ್ಕದ್ದು. ಸೋರಿಕೆಯನ್ನು ಮರೆಮಾಚುವುದು ಸೋರಿಕೆಗಿಂತ ದೊಡ್ಡ ಲೋಪ. ಆ ಸ್ಥಾನಕ್ಕೆ ನೌಕೆ ಮತ್ತೆ ಬರುವುದಿಲ್ಲ, ತಪ್ಪು ಅಂಕಿ ಮಾತ್ರ ವರ್ಷಗಳವರೆಗೆ ಉಳಿಯುತ್ತದೆ.

ಅಭ್ಯರ್ಥಿಗಳ ಗಮನಕ್ಕೆ

ಹಗಲು ರಾತ್ರಿ ಎನ್ನದೆ ಪಾಳಿಯಲ್ಲಿ ದುಡಿಯಬೇಕಾಗುತ್ತದೆ. 40 ಡಿಗ್ರಿ ದಕ್ಷಿಣ ಅಕ್ಷಾಂಶ ದಾಟಿದ ಮೇಲೆ ಗಾಳಿ, ಅಲೆಗಳ ಅಬ್ಬರ ಹೆಚ್ಚು. ಸಮುದ್ರ ಕಾಯಿಲೆಯು ಅನುಭವಿಗಳನ್ನೂ ಬಿಡುವುದಿಲ್ಲ. ಡೆಕ್ಕಿನಲ್ಲಿ ಶಿರಸ್ತ್ರಾಣ, ಜೀವರಕ್ಷಕ ಅಂಗಿ ಹಾಗೂ ಸುರಕ್ಷತಾ ಬೂಟು ಧರಿಸಬೇಕು. ತೀರದ ಆಸ್ಪತ್ರೆ ತಲುಪಲು ಹಲವು ದಿನಗಳು ಬೇಕಾಗುವ ಕಾರಣ, ದೀರ್ಘಕಾಲದ ಕಾಯಿಲೆಯಿರುವವರು ಅದನ್ನು ವೈದ್ಯಕೀಯ ತಪಾಸಣೆಯ ವೇಳೆ ಮುಚ್ಚಿಡಬಾರದು. ವಿದ್ಯಾರ್ಹತೆ ಮತ್ತು ವಯೋಮಿತಿಯನ್ನು ಕೇಂದ್ರದ ಆಯಾ ನೇಮಕಾತಿ ಪ್ರಕಟಣೆಯಲ್ಲಿಯೇ ನೋಡಿಕೊಂಡು ಅರ್ಜಿ ಸಲ್ಲಿಸತಕ್ಕದ್ದು.