ಅಪ್ಪ ಹಿಡಿದ ವಜ್ರ

ಒಂಬತ್ತನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು, ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟೂ ವಜ್ರವೂ ಒಂದೇ ಇಂಗಾಲ ಎಂದು ಹೇಳಿ, "ನಿಮ್ಮಲ್ಲಿ ವಜ್ರ ನೋಡಿದವರು ಯಾರು?" ಎಂದು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಕಲ್ಲು ಕೊಯ್ಯುವವರ ಮಗನಾದ ನಾನೂ ಎತ್ತಲಿಲ್ಲ. ಎತ್ತಬಹುದಿತ್ತು ಎಂದು ತಿಳಿದದ್ದು ಬಿ.ಇ. ಓದುವಾಗ. ಅಪ್ಪ ದಿನವೂ ಹಿಡಿಯುತ್ತಿದ್ದ ಗ್ರಾನೈಟ್ ಕೊಯ್ಯುವ ಬ್ಲೇಡಿನ ಅಂಚಿನಲ್ಲಿದ್ದದ್ದು ವಜ್ರದ ಹರಳುಗಳೇ.

ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10. ಗ್ರಾನೈಟಿನಲ್ಲಿರುವ ಬೆಣಚುಕಲ್ಲಿಗೆ 7. ಈ ಗುಣವನ್ನು ನಂಬಿ 1860ರ ದಶಕದಲ್ಲಿ ರೊಡಾಲ್ಫ್ ಲೆಶೊ ಎಂಬ ಎಂಜಿನಿಯರ್, ಟೊಳ್ಳು ಕೊಳವೆಯ ಅಂಚಿಗೆ ವಜ್ರ ಕೂರಿಸಿ ಬಂಡೆ ಕೊರೆಯುವ ಯಂತ್ರ ರೂಪಿಸಿದರು. ಇಂಥ ಯಂತ್ರಗಳಿಂದಾಗಿ ಒಡವೆಗೆ ಒಗ್ಗದ ಬ್ರೆಜಿಲಿನ ಕಪ್ಪು ವಜ್ರಕ್ಕೂ ಬೆಲೆ ಬಂತು. ಮುಂದೆ ಬಲ್ಬಿನ ಟಂಗ್‌ಸ್ಟನ್ ತಂತಿಯನ್ನು ಕೂದಲಿನಂತೆ ಎಳೆಯಲು ವಜ್ರದಲ್ಲಿ ಕೊರೆದ ಸಣ್ಣ ರಂಧ್ರಗಳೇ ಬೇಕಾದವು. ಎರಡನೇ ಮಹಾಯುದ್ಧದ ಕಾಲಕ್ಕೆ ವಜ್ರವಿಲ್ಲದೆ ಕಾರ್ಖಾನೆಗಳೇ ನಡೆಯದಂತಾಯಿತು. ಆದರೆ ಅದು ಹೆಚ್ಚಾಗಿ ಆಫ್ರಿಕಾದ ಗಣಿಗಳಿಂದಲೇ ಬರಬೇಕಿತ್ತು.

ವಜ್ರವನ್ನು ಮನುಷ್ಯನೇ ಮಾಡಬಹುದೇ? ಸ್ವೀಡನ್ನಿನ ಕಂಪನಿಯೊಂದು 1953ರಲ್ಲಿ ಮಾಡಿತ್ತು. ಆದರೆ ಆಗ ಪ್ರಕಟಿಸಲಿಲ್ಲ. 1954ರ ಡಿಸೆಂಬರ್ 16ರಂದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಟ್ರೇಸಿ ಹಾಲ್, ಗಾಳಿಯ ಒತ್ತಡದ ಸುಮಾರು ಒಂದು ಲಕ್ಷ ಪಟ್ಟು ಒತ್ತಡ ಮತ್ತು ಸುಮಾರು 1,600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಂಗಾಲವನ್ನು ವಜ್ರವಾಗಿಸಿದರು. ತಮಗೆ ಸಿಕ್ಕ ಬಹುಮಾನ 10 ಡಾಲರಿನ ಒಂದು ಬಾಂಡ್ ಎಂದು ಅವರು ಮುಂದೆ ನೆನೆಯುತ್ತಿದ್ದರು. ಮರುವರ್ಷವೇ ಕಂಪನಿ ಬಿಟ್ಟು ವಿಶ್ವವಿದ್ಯಾಲಯದ ಮೇಷ್ಟ್ರಾದರು. 1957ರಲ್ಲಿ ಕಂಪನಿ ಕೃತಕ ವಜ್ರವನ್ನು ಮಾರತೊಡಗಿತು.

ಅಪ್ಪನ ಬ್ಲೇಡಿಗೆ ಬಂದದ್ದು ಈ ಕೃತಕ ವಜ್ರ. ಲೋಹದ ಪುಡಿಯೊಳಗೆ ಹರಳುಗಳನ್ನು ಬೆರೆಸಿ ಅಂಚಿಗೆ ಕೂರಿಸಿರುತ್ತಾರೆ. ಲೋಹ ಸವೆದಂತೆ ಒಳಗಿನ ಹೊಸ ಹರಳು ಮೇಲೆ ಬರುತ್ತದೆ. ಅದು ಕಲ್ಲನ್ನು ಚಾಕುವಿನಂತೆ ಕತ್ತರಿಸುವುದಿಲ್ಲ, ಪುಡಿಮಾಡುತ್ತ ಒಳಗಿಳಿಯುತ್ತದೆ. ಆ ಪುಡಿಯೇ ಅಪಾಯ. ಕೊಯ್ಯುವಾಗ ನೀರು ಹರಿಸಿದರೆ ಬ್ಲೇಡ್ ತಂಪಾಗಿರುತ್ತದೆ, ಧೂಳೂ ಅಡಗುತ್ತದೆ. ಒಣಗಲ್ಲು ಕೊಯ್ದರೆ ಬೆಣಚಿನ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಬರುತ್ತದೆ. ಗಾಯಗೊಂಡ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದಿಲ್ಲ.

ಅಪ್ಪ ಕೆಲಸ ಮಾಡಿದ ಕಡೆ ನೀರು ಹರಿಸುವ ರೂಢಿ ಇರಲಿಲ್ಲ. ನಮ್ಮ ಶಾಲೆಯ ವೇದಿಕೆಯ ಮೆಟ್ಟಿಲಿನ ಚಪ್ಪಡಿ ಕೊಯ್ದವರು ಅವರೇ. ಇಂದು ಅದೇ ಮೂರು ಮೆಟ್ಟಿಲು ಹತ್ತಲು ಅವರಿಗೆ ಉಸಿರು ಸಾಲುವುದಿಲ್ಲ. ಕ್ವಾರಿಗೆ, ಟೈಲ್ಸ್ ಕೆಲಸಕ್ಕೆ ಹೋಗುವ ನನ್ನ ಸಹಪಾಠಿಗಳೇ, ನೀರಿಲ್ಲದೆ ಯಂತ್ರ ಹಾಕಬೇಡಿ. ಮೂಗಿಗೆ ಟವೆಲ್ ಕಟ್ಟಿದರೆ ಸಾಲದು, ಧೂಳು ತಡೆಯುವ ಸರಿಯಾದ ಮಾಸ್ಕನ್ನೇ ಕೇಳಿ ಪಡೆಯಿರಿ.

ಮತ್ತು ಮಕ್ಕಳೇ, ವಜ್ರ ನೋಡಿದವರು ಯಾರು ಎಂದು ಮೇಷ್ಟ್ರು ಇನ್ನೊಮ್ಮೆ ಕೇಳಿದರೆ, ಸಂಕೋಚವಿಲ್ಲದೆ ಕೈ ಎತ್ತಿ.